ಎಗ್ ಬಾಯ್ಲರ್‌ನಲ್ಲಿ ಮೊಟ್ಟೆ ಜಾಸ್ತಿಯಾದರೆ ನೀರು ಕಡಿಮೆ ಯಾಕೆ?

ಎಗ್ ಬಾಯ್ಲರ್ ಹೊಸದಾಗಿ ಕೊಂಡವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಇದೇ. "ಅಳತೆ ಲೋಟದ ಗೆರೆಗಳು ಉಲ್ಟಾ ಇವೆಯಲ್ಲ? ಒಂದು ಮೊಟ್ಟೆಗೆ ಜಾಸ್ತಿ ನೀರು, ಏಳಕ್ಕೆ ಕಡಿಮೆ ಅಂತ ಇದೆ. ಪ್ರಿಂಟ್ ತಪ್ಪಾಗಿದೆಯಾ?"

ಪ್ರಿಂಟ್ ಸರಿಯಾಗಿಯೇ ಇದೆ. ಇದರಲ್ಲಿ ಮೊಟ್ಟೆ ಬೇಯುವುದು ನೀರಿನಲ್ಲಲ್ಲ, ಹಬೆಯಲ್ಲಿ. ಆ ಹಬೆ ಎಷ್ಟು ಹೊತ್ತು ಏಳಬೇಕು ಅನ್ನುವುದನ್ನು ನಾವು ಹಾಕಿದ ನೀರೇ ತೀರ್ಮಾನಿಸುತ್ತದೆ. ಅಡಿಯ ತಟ್ಟೆಯಲ್ಲಿ ನೀರಿರುವ ತನಕ ಅದರ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ. ನೀರು ಪೂರ್ತಿ ಇಂಗಿದ ಕೂಡಲೇ ತಟ್ಟೆ ಸರ್ರನೆ ಕಾಯುತ್ತದೆ, ಥರ್ಮೋಸ್ಟಾಟ್ ಕರೆಂಟ್ ಕಡಿಯುತ್ತದೆ.

ಈಗ ಮೊಟ್ಟೆಗಳ ವಿಷಯ. ತಣ್ಣಗಿರುವ ಮೊಟ್ಟೆಗೆ ಹಬೆ ತಾಗಿದರೆ ತನ್ನ ಶಾಖವನ್ನು ಅದಕ್ಕೆ ಕೊಟ್ಟು ಮತ್ತೆ ನೀರಾಗುತ್ತದೆ, ಇಡ್ಲಿ ಪಾತ್ರೆಯ ಮುಚ್ಚಳದಲ್ಲಿ ಹನಿ ಕಟ್ಟುವ ಹಾಗೆ. ಆ ಹನಿ ತಟ್ಟೆಗೆ ಬಿದ್ದು ಇನ್ನೊಮ್ಮೆ ಕುದಿಯಬೇಕು. ಸುಮಾರು 55 ಗ್ರಾಂ ತೂಗುವ ಒಂದು ಮೊಟ್ಟೆ ಗಟ್ಟಿಯಾಗಿ ಬೇಯುವಷ್ಟು ಬಿಸಿಯಾಗಲು ನಾಲ್ಕೈದು ಗ್ರಾಂ ಹಬೆ ಹೀಗೆ ನೀರಾಗಿ ಇಳಿಯುತ್ತದೆ. ಏಳು ಮೊಟ್ಟೆಗೆ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 30 ಮಿಲಿ ನೀರು ಎರಡೆರಡು ಸಲ ಕುದಿದಂತಾಯಿತು. 360 ವ್ಯಾಟ್‌ನ ಬಾಯ್ಲರಿಗೆ ಅದು ಮೂರು ನಿಮಿಷದ ಕೆಲಸ. ಒಂದೇ ಮೊಟ್ಟೆ ಇಟ್ಟಾಗ ಹೀಗೆ ವಾಪಸ್ ಇಳಿಯುವ ನೀರು ಕಡಿಮೆ, ಹಬೆ ಮುಚ್ಚಳದ ತೂತಿನಿಂದ ಹೊರಗೆ ಹೋಗಿಬಿಡುತ್ತದೆ. ಆದ್ದರಿಂದ ನೀರು ಮೊದಲೇ ಜಾಸ್ತಿ ಹಾಕಬೇಕು. ಈ ಗೆರೆಗಳನ್ನು ಯೋಚಿಸಿ ಎಳೆದವರ ಬಗ್ಗೆ ನನಗೆ ನಿಜಕ್ಕೂ ಗೌರವವಿದೆ. ಫ್ರಿಜ್‌ನಿಂದ ಆಗತಾನೆ ತೆಗೆದ ಮೊಟ್ಟೆಯಾದರೆ ಇನ್ನಷ್ಟು ಹಬೆ ನೀರಾಗುತ್ತದೆ, ಬಾಯ್ಲರ್ ತಾನಾಗಿಯೇ ಸ್ವಲ್ಪ ಹೊತ್ತು ಹೆಚ್ಚಿಗೆ ಓಡುತ್ತದೆ.

ಲೋಟದ ತಳದಲ್ಲಿ ಒಂದು ಸೂಜಿ ಇರುತ್ತದೆ, ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ಮೊಟ್ಟೆಯ ಅಗಲವಾದ ತುದಿಯಲ್ಲಿ ಸಿಪ್ಪೆಯ ಒಳಗೆ ಗಾಳಿಯ ಜಾಗವಿದೆ. ಅಲ್ಲಿ ಮೆಲ್ಲಗೆ ಚುಚ್ಚಿ, ಆ ತುದಿ ಮೇಲೆ ಬರುವಂತೆ ಇಡಿ. ಬಿಸಿಯಾಗಿ ಹಿಗ್ಗುವ ಗಾಳಿಗೆ ಹೊರಬರಲು ದಾರಿಯಾಗುತ್ತದೆ.

ಬಾಯ್ಲರ್ ಆಫ್ ಆದ ಮೇಲೆ ಮೊಟ್ಟೆಗಳನ್ನು ಅಲ್ಲೇ ಬಿಡಬೇಡಿ. ಒಳಗಿನ ಬಿಸಿಗೆ ಅವು ಬೇಯುತ್ತಲೇ ಇರುತ್ತವೆ. ಬಿಳಿಯ ಭಾಗದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಹಳದಿಯಲ್ಲಿರುವ ಕಬ್ಬಿಣದ ಜೊತೆ ಸೇರಿ ಹಳದಿಯ ಸುತ್ತ ಹಸಿರು ಬಳೆ ಕಟ್ಟುತ್ತದೆ. ತಿಂದರೆ ತೊಂದರೆಯೇನಿಲ್ಲ, ಆದರೆ ಅಷ್ಟು ಬೆಂದ ಹಳದಿ ಪುಡಿಪುಡಿಯಾಗಿ ಗಂಟಲಿಗೆ ಒತ್ತುತ್ತದೆ. ಕೂಡಲೇ ತಣ್ಣೀರಿಗೆ ಹಾಕಿ. ಇವತ್ತೇ ಇಟ್ಟ ತಾಜಾ ಮೊಟ್ಟೆ ಮಾತ್ರ ಸುಲಿಯುವಾಗ ಸಾಮಾನ್ಯವಾಗಿ ಕಚ್ಚಿಕೊಳ್ಳುತ್ತದೆ. ಅಂಥದ್ದನ್ನು ಆಮ್ಲೆಟ್‌ಗೆ ಇಟ್ಟುಕೊಂಡು, ವಾರ ಕಳೆದದ್ದನ್ನು ಬೇಯಿಸುವುದು ವಾಸಿ.

ಬೋರ್‌ವೆಲ್ ನೀರು ಬಳಸುವವರ ತಟ್ಟೆ ಬೇಗ ಬೆಳ್ಳಗಾಗುತ್ತದೆ. ಅದು ಸುಣ್ಣದ ಪದರ. ವಿನೆಗರ್ ಅಥವಾ ನಿಂಬೆರಸಕ್ಕೆ ಸ್ವಲ್ಪ ನೀರು ಬೆರೆಸಿ ಸುರಿದು, ಅರ್ಧ ಗಂಟೆ ಬಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸಿ. ಪ್ಲಗ್ ತೆಗೆದು, ತಟ್ಟೆ ಪೂರ್ತಿ ಆರಿದ ಮೇಲೆಯೇ ಈ ಕೆಲಸಕ್ಕೆ ಕೈಹಾಕಿ.