ಅವನನ್ನು ಕೇಳಿದೆಯೇನೋ?

ಸ್ವಯಂಸೇವಾ ಸಂಸ್ಥೆಯೊಂದರ ಸಾರ್ವಜನಿಕ ಸಂಪರ್ಕ ನಿರ್ದೇಶಕನಾಗಿ ನಾನು ನೇಮಕಗೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಿದ್ದಾಗ ಬಂದ ಮೊದಲ ಉತ್ತರ: "ಸುಳ್ಳು ಸುತ್ತೋಲೆ ಬರೆದವನಿಗೆ ಅಂತೂ ತಕ್ಕ ಕೆಲಸವೇ ಸಿಕ್ಕಿತು." ಕನ್ನಡ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದದ್ದೂ ಅದೇ ವಾರ, ಅದೇ ಗುಂಪಿನಲ್ಲಿ. ಈ ಸಂಚಿಕೆಗೆ ಏನಾದರೂ ಬರೆಯಿರಿ ಎಂದು ಸಂಪಾದಕರು ಕೇಳಿದ್ದಾರೆ. ಮೇಷ್ಟ್ರ ಬಗ್ಗೆ ಬರೆಯಲು ಕೂತರೆ ಸುತ್ತೋಲೆಯ ಕಥೆ ತಾನಾಗಿ ಮುಂದೆ ಬಂದು ನಿಲ್ಲುತ್ತದೆ.

ಹತ್ತನೇ ತರಗತಿಯಲ್ಲಿದ್ದೆವು. ನಾವು ಮೂವರು ಸೇರಿ ಮುಖ್ಯೋಪಾಧ್ಯಾಯರ ಹೆಸರಿನಲ್ಲಿ "ಅನಿವಾರ್ಯ ಕಾರಣಗಳಿಂದ ಮಧ್ಯಾಹ್ನದ ತರಗತಿಗಳನ್ನು ರದ್ದುಪಡಿಸಲಾಗಿದೆ" ಎಂದು ಬರೆದು ಸುತ್ತೋಲೆ ಪುಸ್ತಕದೊಳಗೆ ಸೇರಿಸಿಬಿಟ್ಟೆವು. ಅಟೆಂಡರ್ ಎಂದಿನಂತೆ ಅದನ್ನು ಕ್ಲಾಸಿನಿಂದ ಕ್ಲಾಸಿಗೆ ಒಯ್ದರು, ಮೇಷ್ಟ್ರುಗಳು ಎಂದಿನಂತೆ ಗಟ್ಟಿಯಾಗಿ ಓದಿ ಸಹಿ ಹಾಕಿದರು. ಊಟದ ಬೆಲ್ ಹೊಡೆದದ್ದೇ ತಡ, ಅರ್ಧ ಶಾಲೆ ಖಾಲಿ. ಕನ್ನಡ ಮೇಷ್ಟ್ರು ಮಾತ್ರ ಅದನ್ನು ಎರಡು ಸಲ ಓದಿ, "ನಮ್ಮ ಆಫೀಸಿನಿಂದ ಕಾಗುಣಿತ ತಪ್ಪಿಲ್ಲದ ಸುತ್ತೋಲೆ ಇವತ್ತಿನವರೆಗೂ ಬಂದಿಲ್ಲ. ಇದು ನನ್ನ ಹುಡುಗರದೇ ಕೆಲಸ" ಅಂದರಂತೆ. ಆಮೇಲೆ ನನಗೆ ಬಂದ ಪ್ರಶಂಸಾಪತ್ರಗಳಲ್ಲಿ ಯಾವುದೂ ಈ ಮಾತಿನ ಹತ್ತಿರಕ್ಕೆ ಬರುವುದಿಲ್ಲ.

ಏಟು ಬೀಳಲಿಲ್ಲ. ಬೆಳಗಿನ ಪ್ರಾರ್ಥನೆಯಲ್ಲಿ ಓದಲು ಒಂದು ಸ್ಪಷ್ಟನೆ ಬರೆಯಬೇಕಿತ್ತು, ಅದೇ ಶಿಕ್ಷೆ. "ಕೆಲವು ವಿದ್ಯಾರ್ಥಿಗಳಿಂದ ಪ್ರಮಾದವಾಗಿರುತ್ತದೆ" ಎಂದು ಬರೆದುಕೊಂಡು ಹೋದೆ. "ಯಾವ ಕೆಲವರಪ್ಪಾ?" ಎಂದು ಹಿಂತಿರುಗಿಸಿದರು. "ಗೊಂದಲ ಉಂಟಾಯಿತು" ಎಂದು ತಿದ್ದಿದೆ. "ತಾನಾಗಿ ಉಂಟಾಯಿತಾ?" ಕೊನೆಗೆ "ನಾವು ಸುಳ್ಳು ಬರೆದೆವು" ಎಂಬಲ್ಲಿಗೆ ಬಂದು ನಿಂತಾಗಲೇ ಬಿಟ್ಟದ್ದು. ಈಗ ನನ್ನ ಮೇಜಿಗೆ ಬರುವ ಪತ್ರಿಕಾ ಪ್ರಕಟಣೆಗಳಲ್ಲಿ "ಸಂವಹನದ ಕೊರತೆಯಿಂದಾಗಿ" ಎಂದು ಕಂಡರೆ ನಾನೂ ಹಿಂತಿರುಗಿಸುತ್ತೇನೆ. ಕೈಕೆಳಗಿನವರಿಗೆ ನನ್ನ ಮೇಲೆ ಪ್ರೀತಿಯೇನೂ ಇದ್ದಂತಿಲ್ಲ.

ಇನ್ನೊಬ್ಬರನ್ನು ಹೇಳಲೇಬೇಕು, ಚರಿತ್ರೆಯ ಮೇಷ್ಟ್ರು. ಪಠ್ಯದಲ್ಲಿ ಏನಿತ್ತೋ ಒಂದೂ ನೆನಪಿಲ್ಲ. ಆದರೆ 1859ರ ಜೂನ್ 24ರಂದು ಇಟಲಿಯ ಸೋಲ್ಫೆರಿನೋದಲ್ಲಿ ನಡೆದ ಯುದ್ಧವನ್ನು ಅವರು ಡಸ್ಟರ್, ಚಾಕ್‌ಪೀಸ್ ಜೋಡಿಸಿ ಇಡೀ ಪಿರಿಯಡ್ ನಡೆಸಿದ್ದು ಕಣ್ಣಿಗೆ ಕಟ್ಟಿದಂತಿದೆ. ವ್ಯಾಪಾರದ ಕೆಲಸಕ್ಕೆಂದು ಹೊರಟಿದ್ದ ಜಿನೀವಾದ ಹೆನ್ರಿ ಡ್ಯುನಾಂಟ್ ಗಾಯಾಳುಗಳ ನಡುವೆ ಸಿಕ್ಕಿಬಿದ್ದ, ಅಲ್ಲಿನ ಹೆಂಗಸರನ್ನು ಕೂಡಿಸಿಕೊಂಡು ಶುಶ್ರೂಷೆಗೆ ನಿಂತ, 1862ರಲ್ಲಿ ಅದನ್ನೆಲ್ಲ ಪುಸ್ತಕ ಮಾಡಿ ಯೂರೋಪಿನ ದೊಡ್ಡವರಿಗೆಲ್ಲ ಕಳಿಸಿದ. ಮರುವರ್ಷ ರೆಡ್‌ಕ್ರಾಸ್ ಹುಟ್ಟಿತು. "ಬ್ಯಾಂಡೇಜು ಕಟ್ಟಿದವರು ಬಹಳ ಜನ ಕಣ್ರೋ, ಬರೆದವನು ಅವನು" ಎನ್ನುತ್ತಿದ್ದರು. ಪರೀಕ್ಷೆಗೆ ಬರಲಿಲ್ಲ.

ಗೋಡೆ ಪತ್ರಿಕೆಗೆ ನಾನೇ ಸಂಪಾದಕ. ಸಹಪಾಠಿಯೊಬ್ಬನ ಮನೆ ಬೆಂಕಿಗೆ ಸುಟ್ಟುಹೋಗಿತ್ತು. ಚಂದಾ ಎತ್ತೋಣವೆಂದು ನಾನೊಂದು ಮನವಿ ಬರೆದೆ. ಓದಿದವರು ಅಳಬೇಕು, ಹಾಗಿತ್ತು. ಕನ್ನಡ ಮೇಷ್ಟ್ರು ಓದಿ ಕೇಳಿದ್ದು ಒಂದೇ ಮಾತು: "ಅವನನ್ನು ಕೇಳಿದೆಯೇನೋ?" ಮನವಿ ಹಿಡಿದುಕೊಂಡು ಅವನ ಹತ್ತಿರ ಹೋದೆ. ಆತ ಪೂರ್ತಿ ಓದಿ, "ನಿರ್ಗತಿಕ" ಎಂಬಲ್ಲಿ ಉಗುರಿನಿಂದ ಗೀರಿ, "ಇದು ಬೇಡ. ಎತ್ತರ ಜಿಗಿತದಲ್ಲಿ ನಾನು ಫಸ್ಟು, ಅದನ್ನ ಹಾಕು" ಅಂದ. ಹಾಕಿದೆವು. ಚಂದಾ ಚೆನ್ನಾಗಿಯೇ ಬಂತು.

ಪರಿಹಾರ ಶಿಬಿರಗಳ ಕೆಲಸಕ್ಕೆ ಸೇರಿದ ಮೇಲೆ ತರಬೇತಿಯಲ್ಲಿ ರೆಡ್‌ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳ 1994ರ ನಡವಳಿಕೆ ಸಂಹಿತೆಯನ್ನು ಓದಿಸಿದರು. ಅದರ ಹತ್ತನೇ ಅಂಶ, ಪ್ರಚಾರದಲ್ಲಿ ಸಂತ್ರಸ್ತರನ್ನು ಘನತೆಯುಳ್ಳ ಮನುಷ್ಯರಾಗಿ ತೋರಿಸಬೇಕು ಎನ್ನುತ್ತದೆ. ನನಗೆ ಹೊಸದೇನೂ ಅನಿಸಲಿಲ್ಲ. ಪಕ್ಕದಲ್ಲಿ ಕೂತವರಿಗೆ ಇದು ಹತ್ತನೇ ತರಗತಿಯ ಪಾಠ ಎಂದು ಕೊಚ್ಚಿಕೊಂಡೆ ಕೂಡ. ಶಿಬಿರದಲ್ಲಿ ಎಲ್ಲವೂ ಲೆಕ್ಕ. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಒಂದು ನಲ್ಲಿಗೆ 250ಕ್ಕಿಂತ ಹೆಚ್ಚು ಜನ ಇರಬಾರದು. ಲೆಕ್ಕವಿಲ್ಲದೆ ನೀರು ಸಿಗುವುದಿಲ್ಲ, ಸರಿ. ಆದರೆ ಫೋಟೋದವರು ಬಂದಾಗಲೂ ಅದೇ ಜನ ಲೆಕ್ಕವಾಗಿಯೇ ಉಳಿಯುತ್ತಿದ್ದರು. ನಲ್ಲಿಯ ಸಾಲಿನಲ್ಲಿದ್ದ ಹೆಂಗಸೊಬ್ಬಳು ಕ್ಯಾಮೆರಾ ಕಂಡು ಕೊಡವನ್ನು ಮುಖಕ್ಕೆ ಅಡ್ಡ ಹಿಡಿದಳು. ಆಮೇಲೆ ತಿಳಿಯಿತು, ಆಕೆ ಓಡಿಬಂದಿದ್ದು ಯಾರಿಂದಲೋ ಅವರು ಇನ್ನೂ ಹುಡುಕುತ್ತಿದ್ದರು. ಮುಖ ಅಚ್ಚಾಗಿದ್ದರೆ ವಿಳಾಸ ಕೊಟ್ಟಂತೆಯೇ. ಹೆಸರು ಬದಲಿಸುವುದೋ, ಮುಖ ಮರೆಸುವುದೋ, ಪ್ರಕಟಿಸದೇ ಬಿಡುವುದೋ, ಎಲ್ಲಕ್ಕೂ ಮೊದಲು ಕೇಳಬೇಕು.

ಹಾಗೆಂದು ಅಳುವ ಮಗುವಿನ ಚಿತ್ರ ಹಣ ತರುವುದಿಲ್ಲ ಎಂದು ನಾನು ಹೇಳಲಾರೆ. 1919ರಲ್ಲಿ ಬ್ರಿಟನ್ನಿನ ಸಮಾಜಸೇವಕಿ ಎಗ್ಲಂಟೈನ್ ಜೆಬ್ ಲಂಡನ್ನಿನಲ್ಲಿ ಹಸಿದ ಮಕ್ಕಳ ಚಿತ್ರದ ಕರಪತ್ರ ಹಂಚಿ ಬಂಧನಕ್ಕೊಳಗಾದರು, 5 ಪೌಂಡ್ ದಂಡ ಬಿತ್ತು. ಅದೇ ವರ್ಷ ಅವರು ಹುಟ್ಟುಹಾಕಿದ್ದು ಸೇವ್ ದಿ ಚಿಲ್ಡ್ರನ್ ಎಂಬ ಮಕ್ಕಳ ನೆರವಿನ ಸಂಸ್ಥೆ. ದೇಣಿಗೆ ವಿಭಾಗದವರು ಪ್ರತಿ ಸಭೆಯಲ್ಲೂ ಇಂಥದೇ ವಾದ ಮುಂದಿಡುತ್ತಾರೆ. ನಾನು ಸಹಿ ಹಾಕುವುದಿಲ್ಲ, ಅವರು ಬಿಡುವುದಿಲ್ಲ. ಜಗಳ ಇನ್ನೂ ನಡೆದಿದೆ.

ಈಗಿನ ಶಾಲೆಗಳಿಗೇ ಪ್ರಚಾರ ವಿಭಾಗ ಇದೆಯಂತೆ. ಮಕ್ಕಳು ಕಂಬಳಿ ಕೊಡುವ ಫೋಟೋ ಸಂಜೆಯೊಳಗೆ ಪೋಷಕರ ಮೊಬೈಲಿಗೆ ತಲುಪುತ್ತದೆ. ಕಂಬಳಿ ತೆಗೆದುಕೊಂಡವರ ಮುಖವೂ ಜೊತೆಗೆ. ಪ್ರಾಜೆಕ್ಟ್ ವರ್ಕಿಗೆ ಅಂಕವೂ ಉಂಟು. ಗೋಡೆ ಪತ್ರಿಕೆ ಇದೆಯೇ ಎಂದು ಕೇಳಿದರೆ, ಗೋಡೆಗೆ ಬಣ್ಣ ಹೊಡೆಸಿದ್ದೇವೆ ಎನ್ನುತ್ತಾರೆ.

ಮೇಷ್ಟ್ರ ನಿಧನವಾರ್ತೆ ಬರೆಯುವ ಹೊಣೆ, "ಪಿಆರ್‌ನವನು" ಎಂಬ ಕಾರಣಕ್ಕೆ, ನನ್ನ ತಲೆಗೇ ಬಂತು. ಬರೆದು ಮೇಷ್ಟ್ರ ಮಗಳಿಗೆ ಕಳಿಸಿದೆ. ಅವರು "ಋಷಿಸದೃಶ" ಎಂಬುದನ್ನೂ "ಕಡುಬಡತನದಲ್ಲಿ ಬೆಳೆದು" ಎಂಬುದನ್ನೂ ಹೊಡೆದುಹಾಕಿ, "ಚೆಸ್‌ನಲ್ಲಿ ಸೋತರೆ ಎರಡು ದಿನ ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ ಅಂತ ಸೇರಿಸಿ ಸಾರ್" ಎಂದರು. ಸೇರಿಸಿದೆ. ಪತ್ರಿಕೆಯವರು ಸ್ಥಳಾಭಾವವೆಂದು ಆ ಸಾಲನ್ನೇ ಕಿತ್ತರು. ಅದಕ್ಕೇ ಇಲ್ಲಿ ಹಾಕಿದ್ದೇನೆ. ಸಂಚಿಕೆಯ ಸಂಪಾದಕರು ಬೇರೆ ಎಲ್ಲಿ ಬೇಕಾದರೂ ಕತ್ತರಿ ಆಡಿಸಲಿ, ಇದೊಂದನ್ನು ಮುಟ್ಟಬಾರದು.