ಸವಾನಾದ ಹಳೆ ಮನೆಯಲ್ಲಿ ಮಸಿ ವಾಸನೆ

ರೆಸ್ಟೋರೆಂಟ್ ಶುರುವಾಗಿ ಹನ್ನೊಂದನೇ ದಿನ ಮಾಲೀಕರ ಫೋನ್ ಬಂತು. ಊಟದ ಹಾಲ್‌ನಲ್ಲಿ ಮಸಿ ವಾಸನೆ ಬರುತ್ತಿದೆ, ಮಳೆಯಲ್ಲಿ ನೆಂದ ಬೂದಿಯ ಹಾಗೆ, ಗಿರಾಕಿಗಳು ಬೇರೆ ಟೇಬಲ್ ಕೊಡಿ ಅಂತ ಕೇಳುತ್ತಿದ್ದಾರೆ ಅಂದರು. ಆ ಕಟ್ಟಡದಲ್ಲಿ ಎಲ್ಲೂ ಕಟ್ಟಿಗೆ ಉರಿಸುವುದಿಲ್ಲ. ಅಡುಗೆಮನೆ ಪೂರ್ತಿ ಗ್ಯಾಸ್. ಹಾಲ್‌ನಲ್ಲಿ ಎರಡು ಹಳೆ ಅಗ್ಗಿಷ್ಟಿಕೆಗಳಿವೆ, ಆದರೆ ಅವು ಬರೀ ನೋಡುವುದಕ್ಕೆ. ಹಾಗಿದ್ದರೆ ಮಸಿ ಎಲ್ಲಿಂದ ಬಂತು?

ನಾನು ಅಮೆರಿಕದ ಜಾರ್ಜಿಯಾ ರಾಜ್ಯದ ಅಟ್ಲಾಂಟಾದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಕಟ್ಟಡಗಳ ಎಸಿ, ಒಳಗೆ ಬರುವ ಗಾಳಿ, ಅಡುಗೆಮನೆಯ ಹೊಗೆ ಹೊರಗೆ ಹಾಕುವ ವ್ಯವಸ್ಥೆ, ಇವೇ ನನ್ನ ಕೆಲಸ. ಊರಿನ ಕಡೆಯಿಂದ ಈ ಕೆಲಸಕ್ಕೆ ಬರುವ ಹುಡುಗರು ಯಾವ ಸಾಫ್ಟ್‌ವೇರ್ ಕಲಿಯಬೇಕು ಅಂತ ಕೇಳುತ್ತಿರುತ್ತಾರೆ. ಅದನ್ನು ಫೋನ್‌ನಲ್ಲಿ ಎರಡು ನಿಮಿಷದಲ್ಲಿ ಹೇಳಿಬಿಡಬಹುದು. ಈ ಸವಾನಾ ಕಥೆ ಹಾಗಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಸವಾನಾ ಇದೇ ರಾಜ್ಯದಲ್ಲಿ, ನಮ್ಮ ಆಫೀಸಿನಿಂದ ಸುಮಾರು 400 ಕಿಲೋಮೀಟರ್, ಕಾರಿನಲ್ಲಿ ನಾಲ್ಕು ಗಂಟೆ. 1733ರಲ್ಲಿ ಶುರುವಾದ ಊರು. ಅಮೆರಿಕದ ಅಂತರ್ಯುದ್ಧದಲ್ಲಿ ಅಟ್ಲಾಂಟಾ ಸುಟ್ಟುಹೋಯಿತು, ಸವಾನಾ ಉಳಿಯಿತು. 1864ರ ಡಿಸೆಂಬರ್‌ನಲ್ಲಿ ಉತ್ತರದ ಸೇನೆಯ ಜನರಲ್ ಶರ್ಮನ್ ಈ ಊರನ್ನು ಸುಡದೆ ಅಧ್ಯಕ್ಷ ಲಿಂಕನ್‌ಗೆ ಕ್ರಿಸ್ಮಸ್ ಕಾಣಿಕೆ ಅಂತ ತಂತಿ ಕಳಿಸಿದ್ದ. ಯುದ್ಧದಲ್ಲಿ ಉಳಿದದ್ದನ್ನು ಆಮೇಲೆ ಜನರೇ ಕೆಡವಲು ಶುರು ಮಾಡಿದರು. 1954ರಲ್ಲಿ ಹಳೆ ಸಿಟಿ ಮಾರ್ಕೆಟ್ ಒಡೆದು ಪಾರ್ಕಿಂಗ್ ಕಟ್ಟಿದರು. ಮುಂದಿನ ವರ್ಷ 1820ರ ಡೇವನ್‌ಪೋರ್ಟ್ ಮನೆಗೂ ಅದೇ ಗತಿ ಬರುವುದರಲ್ಲಿತ್ತು. ಏಳು ಜನ ಹೆಂಗಸರು ದುಡ್ಡು ಒಟ್ಟು ಮಾಡಿ ಅದನ್ನು ಕೊಂಡು ಉಳಿಸಿದರು. ಇವತ್ತು ಆ ಊರಿನ ಬೀದಿಗಳಲ್ಲಿ ಓಡಾಡಿದರೆ ಅವರಿಗೆ ಕೈ ಮುಗಿಯಬೇಕು ಅನ್ನಿಸುತ್ತದೆ.

ಹಳೆ ಕಟ್ಟಡ ಉಳಿಯಬೇಕಾದರೆ ಒಳಗೆ ಏನಾದರೂ ವ್ಯವಹಾರ ನಡೆಯಬೇಕು, ಅಲ್ವಾ. ಸವಾನಾದಲ್ಲಿ ಎಷ್ಟೋ ಕಟ್ಟಡಗಳನ್ನು ಉಳಿಸಿರುವುದು ಊಟ. ಓಲ್ಡ್ ಪಿಂಕ್ ಹೌಸ್ ಅನ್ನುವ ರೆಸ್ಟೋರೆಂಟ್ 1771ರ ಹ್ಯಾಬರ್‌ಶಾಮ್ ಮನೆಯಲ್ಲಿದೆ. ಒಳಗಿನ ಕೆಂಪು ಇಟ್ಟಿಗೆಯ ಬಣ್ಣ ಬಿಳಿ ಗಾರೆಗೆ ಇಳಿದು ಮನೆ ಗುಲಾಬಿಯಾಯಿತು ಅಂತ ಅಲ್ಲಿಯವರು ಹೇಳುತ್ತಾರೆ. ಮಿಸೆಸ್ ವಿಲ್ಕ್ಸ್ ಅವರ ಊಟದ ಮನೆ 1943ರಿಂದ ನಡೆಯುತ್ತಿದೆ. ಅಲ್ಲಿ ಹತ್ತು ಜನ ಗುರುತಿಲ್ಲದವರು ಒಂದೇ ಮೇಜಿಗೆ ಕೂತು ಬಟ್ಟಲುಗಳನ್ನು ಕೈಯಿಂದ ಕೈಗೆ ದಾಟಿಸುತ್ತಾರೆ, ನಮ್ಮ ಪಂಕ್ತಿ ಊಟ ನೆನಪಾಗುತ್ತದೆ. ದಿ ಗ್ರೇ ಅನ್ನುವುದು 1938ರ ಗ್ರೇಹೌಂಡ್ ಬಸ್ ನಿಲ್ದಾಣದಲ್ಲಿದೆ. ಕರಿಯರಿಗೆ ಬೇರೆ, ಬಿಳಿಯರಿಗೆ ಬೇರೆ ಕಾಯುವ ಕೋಣೆ ಇದ್ದ ಕಾಲದ ನಿಲ್ದಾಣ ಅದು. ಇವತ್ತು ಅಲ್ಲಿನ ಅಡುಗೆಮನೆ ನಡೆಸುವವರು ಮಶಾಮಾ ಬೇಲಿ, ಕಪ್ಪು ಜನಾಂಗದ ಹೆಣ್ಣುಮಗಳು. 2022ರಲ್ಲಿ ಅಡುಗೆಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಜೇಮ್ಸ್ ಬಿಯರ್ಡ್‌ನವರು ಅವರನ್ನು ಇಡೀ ದೇಶದ ಅತ್ಯುತ್ತಮ ಶೆಫ್ ಅಂತ ಆರಿಸಿದರು. ಅಲ್ಲಿ ಊಟ ಮಾಡಿದ ರಾತ್ರಿ ನಾನು ತುಂಬಾ ಹೊತ್ತು ಸುಮ್ನೆ ಕೂತಿದ್ದೆ.

ನಮ್ಮ ಕೆಲಸ ಇದ್ದದ್ದು ಇವು ಯಾವುದರಲ್ಲೂ ಅಲ್ಲ. ಬೇರೆ ಒಂದು ಮನೆ, ಹೆಸರು ಬೇಡ. ಅಂತರ್ಯುದ್ಧಕ್ಕೂ ಮೊದಲು ಕಟ್ಟಿದ ಎರಡು ಮಹಡಿಯ ಇಟ್ಟಿಗೆ ಮನೆ. ಗೋಡೆಗೆ ಸವಾನಾ ಗ್ರೇ ಅನ್ನುವ ಇಟ್ಟಿಗೆ, ಮಾಮೂಲಿ ಇಟ್ಟಿಗೆಗಿಂತ ದೊಡ್ಡದು, ಬೂದು ಮಿಶ್ರಿತ ಕಂದು ಬಣ್ಣ. ಆ ಇಟ್ಟಿಗೆಗಳನ್ನು ಸವಾನಾ ನದಿ ದಂಡೆಯ ಹರ್ಮಿಟೇಜ್ ಅನ್ನುವ ತೋಟದಲ್ಲಿ ಗುಲಾಮರು ಕೈಯಿಂದ ತಟ್ಟಿ ಮಾಡುತ್ತಿದ್ದರು. ನಮ್ಮ ಗಾರೆ ಮೇಸ್ತ್ರಿ ಮೊದಲ ದಿನವೇ ನನ್ನನ್ನು ಕರೆದು, ಪೈಪ್ ನೇತುಹಾಕಲು ಬೋಲ್ಟ್ ಹೊಡೆಯುವುದಾದರೆ ಇಟ್ಟಿಗೆಗೆ ಹೊಡೆಯಬೇಡ, ನಡುವಿನ ಸುಣ್ಣದ ಗಾರೆಗೆ ಹೊಡಿ, ಗಾರೆಯನ್ನು ಮತ್ತೆ ಮೆತ್ತಬಹುದು, ಈ ಇಟ್ಟಿಗೆ ಮತ್ತೆ ಸಿಗುವುದಿಲ್ಲ ಅಂದರು. ಮೆತ್ತುವಾಗಲೂ ಸಿಮೆಂಟ್ ಬಳಸುವಂತಿಲ್ಲ. ಸಿಮೆಂಟ್ ಗಟ್ಟಿ, ಹಳೆ ಇಟ್ಟಿಗೆ ಮೆತ್ತಗೆ. ಗೋಡೆಯ ತೇವ ಗಾರೆಯಿಂದ ಆಚೆ ಹೋಗಲಾರದೆ ಇಟ್ಟಿಗೆಯೊಳಗೇ ನಿಂತು ಅದರ ಮುಖವೇ ಉದುರುತ್ತದೆ.

ಊಟದ ವಿಷಯ ಹೇಳಲೇಬೇಕು. ಅಮೆರಿಕದ ದಕ್ಷಿಣದ ಊಟ ಅಂದರೆ ನಮ್ಮವರಿಗೆ ತಕ್ಷಣ ಹೊಳೆಯುವುದು ಫ್ರೈಡ್ ಚಿಕನ್. ನಾನು ಸಸ್ಯಾಹಾರಿ, ನನಗೆ ಅಲ್ಲಿ ಕಂಡದ್ದು ಬೇರೆ. ಗ್ರಿಟ್ಸ್ ಅಂದರೆ ಮೆಕ್ಕೆಜೋಳದ ನುಚ್ಚು, ಬೆಣ್ಣೆ ಹಾಕಿ ಗಂಜಿ ಹದಕ್ಕೆ ಬೇಯಿಸಿದ್ದು. ಉತ್ತರ ಕರ್ನಾಟಕದವರ ಬಾಯಿಗೆ ಅದು ಒಂದೇ ತುತ್ತಿಗೆ ಗುರುತು ಸಿಗುತ್ತದೆ. ಹಾಪಿನ್ ಜಾನ್ ಅಂದರೆ ಅಲಸಂದೆ ಕಾಳು ಮತ್ತು ಅನ್ನ, ಒಳ್ಳೆಯದಾಗಲಿ ಅಂತ ಹೊಸ ವರ್ಷದ ದಿನ ತಿನ್ನುತ್ತಾರೆ. ಬೆಂಡೆಕಾಯಿ, ಮಜ್ಜಿಗೆ ಹಾಕಿದ ಜೋಳದ ಬ್ರೆಡ್, ಹಣ್ಣಾಗದ ಹಸಿರು ಟೊಮೆಟೊ ಬಿಲ್ಲೆ ಕರಿದದ್ದು. ಬೆಂಡೆಕಾಯಿ, ಅಲಸಂದೆ ಎರಡೂ ಆಫ್ರಿಕಾದಿಂದ ಗುಲಾಮರ ಜೊತೆಗೇ ಬಂದವು. ಆ ಕರಾವಳಿಯ ಭತ್ತದ ಗದ್ದೆಗಳೂ ಪಶ್ಚಿಮ ಆಫ್ರಿಕಾದ ಜನರ ದುಡಿಮೆ ಮತ್ತು ತಿಳಿವಳಿಕೆಯ ಮೇಲೆ ನಿಂತಿದ್ದವು. ಒಂದು ಮಾತು, ಸಸ್ಯಾಹಾರಿಗಳು ಸೊಪ್ಪಿನ ಪಲ್ಯ ಕಂಡ ಕೂಡಲೇ ಹಾಕಿಸಿಕೊಳ್ಳಬೇಡಿ, ಕೇಳಿ. ಕಾಲರ್ಡ್ ಸೊಪ್ಪನ್ನು ಸಾಮಾನ್ಯವಾಗಿ ಹಂದಿ ಮಾಂಸದ ಜೊತೆ ಬೇಯಿಸುತ್ತಾರೆ.

ಇಷ್ಟು ಕರಿಯುವ ಅಡುಗೆಮನೆ ಅಂದರೆ ಜಾಸ್ತಿ ಹೊಗೆ, ಜಾಸ್ತಿ ಜಿಡ್ಡು. ಒಲೆಗಳ ಮೇಲೆ 12 ಅಡಿ ಉದ್ದದ ಹುಡ್, ಅಂದರೆ ಹೊಗೆ ಹೀರುವ ಗೂಡು, ಇಟ್ಟಿದ್ದೆವು. ಒಂದು ಅಡಿ ಉದ್ದಕ್ಕೆ 300 ಘನ ಅಡಿಯಂತೆ ನಿಮಿಷಕ್ಕೆ 3,600 ಘನ ಅಡಿ ಗಾಳಿಯನ್ನು ಅದು ಹೊರಗೆ ಎಳೆದು ಬಿಸಾಡುತ್ತದೆ. ಎಷ್ಟು ಅಂತ ಅಂದಾಜಿಗೆ ಹೇಳುತ್ತೇನೆ. ಊಟದ ಹಾಲ್ 30 ಅಡಿ ಉದ್ದ, 20 ಅಡಿ ಅಗಲ, 12 ಅಡಿ ಎತ್ತರ. ಅಂದರೆ ಆ ಹುಡ್ ಎರಡು ನಿಮಿಷಕ್ಕೆ ಒಂದು ಹಾಲ್‌ನಷ್ಟು ಗಾಳಿ ತಿನ್ನುತ್ತದೆ. ಹೋದಷ್ಟು ಗಾಳಿ ಎಲ್ಲಿಂದಲೋ ಒಳಗೆ ಬರಲೇಬೇಕು. ನಾವು ಕೊಡದಿದ್ದರೆ ಅದೇ ದಾರಿ ಹುಡುಕಿಕೊಳ್ಳುತ್ತದೆ. ನಾವಾಗಿ ಕೊಡುವ ಗಾಳಿಗೆ ನಮ್ಮ ಕೆಲಸದಲ್ಲಿ ಮೇಕಪ್ ಏರ್ ಅನ್ನುತ್ತಾರೆ.

ಹೊಸ ಕಟ್ಟಡವಾದರೆ ಚಾವಣಿ ಮೇಲೆ ದೊಡ್ಡ ಯಂತ್ರ ಇಟ್ಟು ಮುಗಿಸಬಹುದು. ಇಲ್ಲಿ ಆಗುವುದಿಲ್ಲ. ಐತಿಹಾಸಿಕ ಕಟ್ಟಡವನ್ನು ಸರಿಯಾಗಿ ದುರಸ್ತಿ ಮಾಡಿ ವ್ಯಾಪಾರಕ್ಕೆ ಬಳಸಿದರೆ ಅಮೆರಿಕ ಸರ್ಕಾರ ಖರ್ಚಿನ 20% ತೆರಿಗೆಯಲ್ಲಿ ಬಿಟ್ಟುಕೊಡುತ್ತದೆ. ಆ ರಿಯಾಯಿತಿ ಬೇಕಾದರೆ ಬೀದಿಯಿಂದ ಕಾಣುವ ಹಾಗೆ ಯಂತ್ರ ಇಡುವ ಯೋಚನೆ ಬಿಡಬೇಕು. ಹಾಗಾಗಿ ಹಿತ್ತಿಲಲ್ಲಿ ಸಣ್ಣದೊಂದು ಯಂತ್ರ ಕೂರಿಸಿ, ಅದರಿಂದ 80% ಗಾಳಿ, ಉಳಿದ 720 ಘನ ಅಡಿ ಹಾಲ್‌ನ ಎಸಿ ತರುವ ಹೊರಗಾಳಿಯಿಂದ ಅಂತ ಲೆಕ್ಕ ಮಾಡಿದೆ. ಕಾಗದದ ಮೇಲೆ ಸರಿಹೋಯಿತು. ನಿಯಮಕ್ಕೂ ಸರಿ. ಕೆಲಸ ಮುಗಿದ ಮೇಲೆ ಗಾಳಿ ಅಳೆಯುವವರು ಹೋಗಿ ಅಳೆದು ವರದಿ ಕಳಿಸಿದರು. ಅಂಕಿ ಎಲ್ಲ ಕೂಡಿತ್ತು. ನಾನು ಅಟ್ಲಾಂಟಾದಲ್ಲೇ ಕೂತು ಸಹಿ ಹಾಕಿದೆ. ನಾಲ್ಕು ಗಂಟೆ ದಾರಿ, ಕೈಯಲ್ಲಿ ಇನ್ನೂ ಮೂರು ಕೆಲಸ, ಅದಕ್ಕೇ ಹೋಗಲಿಲ್ಲ.

ಫೋನ್ ಬಂದ ಮರುದಿನ ಹೋದೆ. ಬರುವಾಗಲೇ ಪರಿಹಾರ ಯೋಚಿಸಿಕೊಂಡು ಬಂದಿದ್ದೆ. ಚಿಮಣಿ ಮುಚ್ಚಿಬಿಡುವುದು. ಗಾಳಿ ತುಂಬುವ ಚೀಲ ಸಿಗುತ್ತದೆ, ಅಗ್ಗಿಷ್ಟಿಕೆಯ ಮೇಲೆ ತೂರಿಸಿ ಊದಿದರೆ ಚಿಮಣಿ ಬಂದ್. ಮಧ್ಯಾಹ್ನವೇ ಎರಡಕ್ಕೂ ಹಾಕಿದೆ. ಸಂಜೆ ವಾಸನೆ ನಿಂತಿತು. ಮಾಲೀಕರಿಗೆ ಖುಷಿ, ನನಗೂ ಖುಷಿ. ನನ್ನನ್ನು ಅಲ್ಲೇ ಊಟಕ್ಕೆ ಕೂರಿಸಿದರು.

ನನಗೆ ಬಡಿಸಿದವರು ಅರವತ್ತರ ಹತ್ತಿರದ ಒಬ್ಬ ಹೆಂಗಸು. ಅಲ್ಲಿ ಹಿರಿಯ ಹೆಂಗಸರ ಹೆಸರಿನ ಮುಂದೆ ಮಿಸ್ ಅಂತ ಸೇರಿಸಿ ಕರೆಯುತ್ತಾರೆ, ನಾವು ಅಕ್ಕ ಅನ್ನುವ ಹಾಗೆ. ನಾನೂ ಇಲ್ಲಿ ಅಕ್ಕ ಅಂತಲೇ ಬರೆಯುತ್ತೇನೆ. ಮೂವತ್ತು ವರ್ಷದಿಂದ ಹೋಟೆಲ್‌ಗಳಲ್ಲಿ ಬಡಿಸಿದವರು. ಗ್ರಿಟ್ಸ್ ತಂದಿಟ್ಟು, ವಾಸನೆ ಸರಿ ಮಾಡಲು ಬಂದವರು ನೀವೇನಾ ಅಂತ ಕೇಳಿದರು. ಹೌದು, ಸರಿ ಮಾಡಿದೆ ಅಂದೆ. ಅವರು ಮೇಜಿನ ಮೇಲಿದ್ದ ಮೇಣದ ಬತ್ತಿ ತೋರಿಸಿ, "ಹಾಗಾದ್ರೆ ಇದು ಯಾಕಪ್ಪಾ ಇನ್ನೂ ಅಡುಗೆಮನೆ ಕಡೆಗೇ ಬಾಗಿದೆ?" ಅಂದರು.

ನೋಡಿದೆ. ಹಾಲ್‌ನಲ್ಲಿದ್ದ ಪ್ರತಿಯೊಂದು ಬತ್ತಿಯ ಉರಿಯೂ ಅಡುಗೆಮನೆ ಬಾಗಿಲಿನ ಕಡೆಗೆ ಬಾಗಿತ್ತು.

ಅಕ್ಕ ಒಂದೊಂದಾಗಿ ಹೇಳುತ್ತಾ ಹೋದರು. ಮೊದಲ ದಿನದಿಂದಲೂ ಹೀಗೇ. ಅಡುಗೆಮನೆಯ ತೂಗುಬಾಗಿಲು ಪೂರ್ತಿ ಮುಚ್ಚಿಕೊಳ್ಳುವುದೇ ಇಲ್ಲ, ಆ ಕಡೆಗೆ ಬಾಗಿ ನಿಲ್ಲುತ್ತದೆ. ಬೀದಿ ಬಾಗಿಲು ಎಷ್ಟು ಬಿಗಿ ಅಂದರೆ ವಯಸ್ಸಾದವರು ಎಳೆಯಲಾರರು, ಇವತ್ತು ಸಂಜೆಯಿಂದ ಇನ್ನೂ ಬಿಗಿಯಾಗಿದೆ. ಕಿಟಕಿ ಪಕ್ಕದ ಗೋಡೆಯ ಬಣ್ಣ ಗುಳ್ಳೆ ಏಳುತ್ತಿದೆ. ಕೊನೆಗೆ ಅವರು ಹೇಳಿದ ಮಾತಿಗೆ ನನ್ನ ಕೈಯಲ್ಲಿದ್ದ ಚಮಚ ಅಲ್ಲೇ ನಿಂತಿತು. ಗಾಳಿ ಅಳೆಯಲು ಬಂದವರು ಬಂದ ದಿನ ಪೇಂಟರ್‌ಗಳು ಇನ್ನೂ ಕೆಲಸ ಮಾಡುತ್ತಿದ್ದರು, ಹಿಂಬಾಗಿಲಿಗೆ ಹಾಲಿನ ಕ್ರೇಟ್ ಕೊಟ್ಟು ಇಡೀ ದಿನ ತೆಗೆದೇ ಇಟ್ಟಿದ್ದರು.

ನಾನು ಸಹಿ ಹಾಕಿದ ವರದಿ, ಬಾಗಿಲು ತೆರೆದಿಟ್ಟ ಮನೆಯದು.

ಊಟ ಬಿಟ್ಟು ಎದ್ದೆ. ಹಾಲ್‌ನ ಎಸಿ ಹತ್ತಿ ನೋಡಿದರೆ ಹೊರಗಾಳಿ ಬರುವ ದಾರಿಯನ್ನು ತೆರೆದು ಮುಚ್ಚುವ ತಗಡು, ಡ್ಯಾಂಪರ್, ಮುಚ್ಚಿತ್ತು. ಸವಾನಾದ ಜುಲೈ ಗಾಳಿ ಮಂಗಳೂರಿನ ಹಾಗೆ ಜಿಗಟು. ಒಳಗೆ ಬಂದ ತೇವಕ್ಕೆ ಹಾಲ್ ತಂಪಾಗುವುದಿಲ್ಲ ಅಂತ ಯಾರೋ ಮುಚ್ಚಿದ್ದರು, ಅವರ ಮಟ್ಟಿಗೆ ಅದು ಸರಿಯೇ. ನಾನು ನಂಬಿದ್ದ 720 ಘನ ಅಡಿ ಒಂದು ದಿನವೂ ಬಂದಿರಲಿಲ್ಲ. ಆ ಬಾಕಿಯನ್ನು ಚಿಮಣಿಗಳು ತುಂಬಿಸುತ್ತಿದ್ದವು, ಬರುವಾಗ ಒಳಗಂಟಿದ ಹಳೆ ಮಸಿಯ ವಾಸನೆಯನ್ನೂ ಹೊತ್ತು ತರುತ್ತಿದ್ದವು. ಕಿಟಕಿ ಸಂದಿಯಿಂದ ನುಗ್ಗಿದ ತೇವದ ಗಾಳಿ ಎಸಿಯಿಂದ ತಣ್ಣಗಾದ ಗೋಡೆಗೆ ತಾಗಿ, ಬಣ್ಣದ ಹಿಂದೆ ನೀರಾಗುತ್ತಿತ್ತು. ನಾವು ಉಳಿಸಲು ಹೊರಟ ಗೋಡೆಯನ್ನು ನನ್ನ ಲೆಕ್ಕವೇ ಒಳಗಿನಿಂದ ನೆನೆಸುತ್ತಿತ್ತು.

ಚಿಮಣಿ ಮುಚ್ಚಿ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಹಿಂದಿನ ಸಣ್ಣ ಕೋಣೆಯಲ್ಲಿ ಗ್ಯಾಸ್ ವಾಟರ್ ಹೀಟರ್ ಇತ್ತು. ಅದರ ಹೊಗೆ ತಾನಾಗಿ ಮೇಲೆ ಏರಿ ಕೊಳವೆಯಿಂದ ಹೊರಗೆ ಹೋಗುವಂಥದ್ದು. ಚಿಮಣಿಗಳೂ ಬಂದ್ ಆದ ಮೇಲೆ ಹುಡ್ ಆ ಕೊಳವೆಯಿಂದಲೇ ಗಾಳಿ ಎಳೆಯಲು ಶುರು ಮಾಡಿತ್ತು. ಹೀಟರ್ ಹತ್ತಿರ ಕೈ ಹಿಡಿದೆ. ಬಿಸಿ ಹೊಗೆ ಕೆಳಗೆ, ಕೋಣೆಯೊಳಕ್ಕೇ ಬೀಳುತ್ತಿತ್ತು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರಬಹುದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ, ಆದರೆ ಕೊಲ್ಲುತ್ತದೆ. ಹೀಟರ್ ಆರಿಸಿ, ಒಲೆ, ಫ್ರೈಯರ್ ಎಲ್ಲ ಆರಿಸಿಸಿ, ಬಾಗಿಲು ಕಿಟಕಿ ತೆಗೆಸಿ, ಮಾಲೀಕರಿಗೆ ಇವತ್ತಿನ ವ್ಯಾಪಾರ ಇಲ್ಲಿಗೆ ನಿಲ್ಲಿಸಿ ಅಂದೆ. ಶುಕ್ರವಾರ ಸಂಜೆ, ಹಾಲ್ ತುಂಬಾ ಜನ. ಯಾಕೆ ಅಂತ ವಿವರಿಸಿದೆ, ತಪ್ಪು ನನ್ನದು ಅಂತ ಅಲ್ಲೇ ಹೇಳಿದೆ. ಅವರು ಎದುರು ಮಾತಾಡದೆ ಜನರನ್ನು ಕಳಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆ ಅಕ್ಕ ಬತ್ತಿ ತೋರಿಸದೇ ಇದ್ದಿದ್ದರೆ ನಾನು ಖುಷಿಯಾಗಿ ಊಟ ಮುಗಿಸಿ ಅಟ್ಲಾಂಟಾಗೆ ಹೊರಟುಬಿಡುತ್ತಿದ್ದೆ.

ಸರಿ ಮಾಡಿದ್ದನ್ನು ಬೇಗ ಹೇಳುತ್ತೇನೆ. ಹಿತ್ತಿಲಿನ ಯಂತ್ರ ತೆಗೆದು, ತೇವ ಹಿಂಡಿ ಗಾಳಿ ಕೊಡುವ ದೊಡ್ಡದನ್ನು ಹಾಕಿದೆವು. ಹಿತ್ತಿಲ ಗೋಡೆಯ ಎತ್ತರ ಸಾಕಾಯಿತು, ಬೀದಿಗೆ ಕಾಣುವುದಿಲ್ಲ. ಮೇಕಪ್ ಏರ್ ಫ್ಯಾನ್ ಓಡದಿದ್ದರೆ ಹುಡ್ ಫ್ಯಾನೂ ಓಡದ ಹಾಗೆ ಎರಡನ್ನೂ ಕಟ್ಟಿಹಾಕಿದೆವು. ವಾಟರ್ ಹೀಟರ್ ಬದಲಾಯಿಸಿ, ಕೋಣೆಯ ಗಾಳಿಗೆ ಸಂಬಂಧವೇ ಇಲ್ಲದೆ ಹೊರಗಿನ ಗಾಳಿಯಲ್ಲೇ ಉರಿದು ಹೊಗೆಯನ್ನೂ ಹೊರಗೇ ಬಿಡುವಂಥದ್ದು ಇಟ್ಟೆವು. ಚಿಮಣಿಯ ಚೀಲಗಳನ್ನು ಹಾಗೇ ಉಳಿಸಿದೆವು. ಯಾವಾಗ ಬೇಕಾದರೂ ತೆಗೆಯಬಹುದು, ಹಳೆ ಇಟ್ಟಿಗೆಗೆ ಒಂದು ಗೀರೂ ಬೀಳುವುದಿಲ್ಲ. ಹೆಚ್ಚುವರಿ ಖರ್ಚಿನಲ್ಲಿ ದೊಡ್ಡ ಪಾಲು ನಮ್ಮ ಆಫೀಸೇ ಹೊತ್ತಿತು, ಹೊರಬೇಕಾದದ್ದೇ.

ಆಮೇಲೆ ಇನ್ನೊಮ್ಮೆ ಗಾಳಿ ಅಳೆಸಿದೆ. ಈ ಸಲ ಶುಕ್ರವಾರ ರಾತ್ರಿ ಎಂಟಕ್ಕೆ, ಎಲ್ಲ ಬಾಗಿಲು ಮುಚ್ಚಿ, ಎಲ್ಲ ಒಲೆ ಹೊತ್ತಿಸಿ, ಹಾಲ್ ತುಂಬಿರುವಾಗ. ನಾನೂ ನಿಂತಿದ್ದೆ. ಅಕ್ಕನನ್ನೂ ಕರೆದೆ. ಬಾಗಿಲು ಎಳೆದು ನೋಡಿ, ಸರಿ ಅನ್ನಿಸಿದರೆ ಮಾತ್ರ ನಾನು ಸಹಿ ಹಾಕುತ್ತೇನೆ ಅಂದೆ. ಅವರು ಬೀದಿ ಬಾಗಿಲನ್ನು ಮೂರು ಸಲ ತೆಗೆದು ಹಾಕಿದರು. ಬತ್ತಿಗಳ ನಡುವೆ ಒಂದು ಸುತ್ತು ಬಂದರು. "ಮೂಲೆ ಟೇಬಲ್ ಹತ್ತಿರ ಇನ್ನೂ ಸ್ವಲ್ಪ ಎಳೀತಿದೆ" ಅಂದರು. ಮೀಟರ್ ಇಟ್ಟು ನೋಡಿದರೆ ನಿಜ. ಅದನ್ನೂ ಸರಿ ಮಾಡಿದೆವು.

ಈಗ ನಾನು ಯಾವುದೇ ಹೋಟೆಲ್ ಕೆಲಸದಲ್ಲಿ, ಹಳೆ ಕಟ್ಟಡವಿರಲಿ ಹೊಸದಿರಲಿ, ಸಹಿಗೆ ಮೊದಲು ಜನ ತುಂಬಿದ ಒಂದು ಸಂಜೆ ಅಲ್ಲಿ ಕೂತು ಊಟ ಮಾಡುತ್ತೇನೆ. ಬಡಿಸುವವರನ್ನು, ಪಾತ್ರೆ ತೊಳೆಯುವವರನ್ನು ಮಾತಾಡಿಸುತ್ತೇನೆ. ಯಾವ ಬಾಗಿಲು ಬಿಗಿ, ಎಲ್ಲಿ ಚಳಿ, ಎಲ್ಲಿ ವಾಸನೆ ಅಂತ ಕೇಳುತ್ತೇನೆ. ನನ್ನ ಶುಲ್ಕದಲ್ಲಿ ಆ ಒಂದು ಸಂಜೆಗೆ ದುಡ್ಡು ಬರೆದಿರುತ್ತೇನೆ. ಯಾರಾದರೂ ಅದನ್ನು ಕಡಿಮೆ ಮಾಡಿ ಅಂದರೆ ಬೇರೆ ಏನಾದರೂ ಬಿಡುತ್ತೇನೆ, ಅದನ್ನು ಬಿಡುವುದಿಲ್ಲ.

ಬ್ಯಾಗಿನಲ್ಲಿ ಒಂದು ಕಟ್ಟು ಊದುಬತ್ತಿಯೂ ಇರುತ್ತದೆ. ಗಾಳಿ ಯಾವ ಕಡೆ ಹೋಗುತ್ತಿದೆ ಅಂತ ನೋಡಲು ಇಲ್ಲಿ ಹೊಗೆ ಬಿಡುವ ಪೆನ್ಸಿಲ್ ಮಾರುತ್ತಾರೆ, ಆದರೆ ಮೈಸೂರಿನ ಊದುಬತ್ತಿ ಅದಕ್ಕಿಂತ ಹೆಚ್ಚು ಹೊತ್ತು ಉರಿಯುತ್ತದೆ, ಎಳೆಯೂ ತೆಳ್ಳಗೆ. ಬಾಗಿಲ ಸಂದಿಗೆ, ಅಗ್ಗಿಷ್ಟಿಕೆಯ ಬಾಯಿಗೆ, ಹೀಟರ್ ಹತ್ತಿರ ಹಿಡಿದರೆ ಸಾಕು, ಗೊತ್ತಾಗುತ್ತದೆ. ಹೋದ ತಿಂಗಳು ಆಫೀಸಿನ ಹೊಸ ಹುಡುಗಿ ಚಾರ್ಲ್‌ಸ್ಟನ್‌ನ ಒಂದು ಹಳೆ ಮನೆಯ ಕೆಲಸಕ್ಕೆ ಹೊರಟಾಗ ಅರ್ಧ ಕಟ್ಟು ಕೊಟ್ಟು ಕಳಿಸಿದೆ. ಊಟಕ್ಕೆ ಕೂತು, ಬಡಿಸುವವರನ್ನು ಕೇಳಿ, ಆಮೇಲೆ ಹಚ್ಚು ಅಂತ ಹೇಳಿದ್ದೆ. ರಾತ್ರಿ ಒಂಬತ್ತಕ್ಕೆ ಒಂದು ಫೋಟೊ ಬಂತು. ಅಗ್ಗಿಷ್ಟಿಕೆ ಮುಂದೆ ಹಿಡಿದ ಊದುಬತ್ತಿ, ಹೊಗೆಯ ಎಳೆ ಹಾಲ್‌ನ ಕಡೆಗೆ ಬಾಗಿದೆ. ಕೆಳಗೆ, "ಸರ್, ಇವತ್ತು ಸಹಿ ಹಾಕುತ್ತಿಲ್ಲ" ಅಂತ ಬರೆದಿದ್ದಳು.