ಇವರಿಗೆ ಮಜೂರಿ ಯಾರು ಕೊಡ್ತಾರೆ?

ಆಚಾರ್ರು ಕೇಳಿದ ಈ ಪ್ರಶ್ನೆ ವಾರವಿಡೀ ನನ್ನ ತಲೆಯಲ್ಲೇ ಕೂತಿದೆ. ಭಾನುವಾರ ಸಂಜೆ ಹಳೆಯ ಮಿಷನ್ ಇಂಪಾಸಿಬಲ್ ಹಾಕಿಕೊಂಡು ಕೂತಿದ್ದೆವು. ಸಿನಿಮಾ ಅಲ್ಲ, 1966ರಿಂದ 1973ರವರೆಗೆ ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ ಬಂದ ಧಾರಾವಾಹಿ. ಟೇಪಿನಲ್ಲಿ ಬರುವ ಆದೇಶ ಕೇಳಿ ಸರ್ಕಾರದ ಗುಟ್ಟಿನ ಕೆಲಸ ಮಾಡಿಕೊಡುವ ತಂಡವೊಂದರ ಕಥೆ. ಅಣ್ಣನ ಮಗನಿಗೆ ಸಿನಿಮಾಗಳೆಲ್ಲ ಬಾಯಿಪಾಠ, ಆದರೆ ಅದಕ್ಕೂ ಮೊದಲು ಇಂಥದ್ದೊಂದು ಧಾರಾವಾಹಿ ಇತ್ತು ಅಂತ ಗೊತ್ತೇ ಇರಲಿಲ್ಲ. ಬೆಸುಗೆ ಬಿಟ್ಟಿದ್ದ ನನ್ನ ಬಳೆ ಸರಿಮಾಡಿ ಕೊಡಲು ಬಂದಿದ್ದ ಪಕ್ಕದ ಬೀದಿಯ ಆಚಾರ್ರು ಬಾಗಿಲಲ್ಲೇ ನಿಂತು "ಏನು ಕಥೆ?" ಅಂದರು. ಚಿನ್ನ ಕದಿಯೋ ಕಥೆ ಅಂದೆ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

ಅದು ಮೂರನೇ ಸೀಸನ್ನಿನ, 1968ರ 'ದ ಮರ್ಸನರೀಸ್' ಕಂತು. ಆಫ್ರಿಕಾದಲ್ಲಿ ಕೂಲಿ ಸೈನಿಕರ ಪಡೆ ಕಟ್ಟಿಕೊಂಡಿರುವ ಕರ್ನಲ್ ಕ್ರಿಮ್. ಪರ್ನೆಲ್ ರಾಬರ್ಟ್ಸ್ ಮಾಡಿದ ಪಾತ್ರ. ಅವನ ಚಿನ್ನದ ಗಟ್ಟಿಗಳೆಲ್ಲ ಭದ್ರ ಕೋಣೆಯಲ್ಲಿವೆ. ಬಾಗಿಲ ಹತ್ತಿರ ಸುಳಿಯುವ ಹಾಗಿಲ್ಲ. ತಂಡದ ಇಂಜಿನಿಯರ್ ಬಾರ್ನಿ ಕೆಳಗಿನಿಂದ ತೂತು ಕೊರೆಯುತ್ತಾನೆ, ಕಾಯಿಸುವ ಯಂತ್ರವೊಂದನ್ನು ಅದರೊಳಗಿಂದ ಮೇಲಕ್ಕೆ ಏರಿಸುತ್ತಾನೆ, ಗಟ್ಟಿಗಳು ಕರಗಿ ಅದೇ ತೂತಿನಿಂದ ಕೆಳಗೆ ಹರಿದು ಬರುತ್ತವೆ. ಬೀಗ ಹಾಗೇ ಇದೆ, ಒಳಗೆ ಮಾತ್ರ ಏನೂ ಇಲ್ಲ.

ಹುಡುಗ ತಕ್ಷಣ ಪಾಸ್ ಒತ್ತಿದ. ಇವನ ಜೊತೆ ಏನಾದರೂ ನೋಡುವುದೆಂದರೆ ಸಿಗ್ನಲ್ ಜಾಸ್ತಿ ಇರುವ ರಸ್ತೆಯಲ್ಲಿ ಹೋದ ಹಾಗೆ. "ಅತ್ತೆ, ಚಿನ್ನ ಕರಗೋಕೆ 1064 ಡಿಗ್ರಿ ಬೇಕು. ಅಷ್ಟೊಂದು ಚಿನ್ನ, ಒಂದು ಚಿಕ್ಕ ಯಂತ್ರ, ಸಾಧ್ಯಾನೇ ಇಲ್ಲ."

"ಚಿನ್ನ ಬೇಗ ಕರಗುತ್ತೆ ಮರಿ, ಉರಿ ಜೋರಿರಬೇಕು ಅಷ್ಟೆ" ಅಂದರು ಆಚಾರ್ರು.

ಇವನು ಬಿಡ್ತಾನಾ, ಮೊಬೈಲ್ ತೆಗೆದು ಲೆಕ್ಕ ಹಾಕಿದ. ಆಚಾರ್ರ ಮಾತೇ ಸರಿಯಾಯಿತು. ಒಂದು ಕಿಲೋ ಚಿನ್ನವನ್ನು ಕೋಣೆಯ ಮಾಮೂಲಿ ಬಿಸಿಯಿಂದ ಶುರುಮಾಡಿ ಪೂರ್ತಿ ಕರಗಿಸಲು ಹೆಚ್ಚೂ ಕಡಿಮೆ 200 ಕಿಲೋಜೂಲ್ ಸಾಕು. ಒಂದು ಲೀಟರ್ ನೀರು ಕುದಿಯುವ ಹಂತಕ್ಕೆ ಬರಲು 300ಕ್ಕಿಂತ ಜಾಸ್ತಿ ಬೇಕು. ಅಂದರೆ ಒಂದು ಕಿಲೋ ಚಿನ್ನಕ್ಕಿಂತ ನಮ್ಮ ಒಂದು ಲೀಟರ್ ನೀರೇ ಜಾಸ್ತಿ ಶಾಖ ಕುಡಿಯುತ್ತೆ! ಕಷ್ಟ ಇರೋದು 1064ನ್ನು ಮುಟ್ಟುವುದರಲ್ಲಿ, ಮುಟ್ಟಿದ ಮೇಲೆ ಅದನ್ನು ಹಿಡಿದಿಡುವುದರಲ್ಲಿ. ಅಷ್ಟು ದೊಡ್ಡ ಕೋಣೆಯಲ್ಲಿ ನೆಲ, ಗೋಡೆ, ಕಬ್ಬಿಣದ ಬಾಗಿಲು ಎಲ್ಲವೂ ಶಾಖ ಎಳೆದುಕೊಳ್ಳುತ್ತವೆ. ಹೊರಗೆ ನಿಂತ ಕಾವಲಿನವನಿಗೆ ಬಾಗಿಲು ಬಿಸಿಯಾಗಿದ್ದು ಗೊತ್ತಾಗಲ್ವಾ ಅಂತ ಹುಡುಗನ ವಾದ. ಒಪ್ಪುವ ಮಾತೇ.

ಆಚಾರ್ರ ತಕರಾರೇ ಬೇರೆ. ಮೂಸೆ ಇಲ್ಲ, ಬಿಳಿಗಾರ ಹಾಕಿಲ್ಲ, ಬರೀ ನೆಲದ ಮೇಲೆ ಕರಗಿದ ಚಿನ್ನ ಒಂದು ಚೂರೂ ಅಂಟದೆ ಹರಿದು ಹೋಯಿತಂತೆ. "ನಮ್ಮ ಅಂಗಡಿ ಗುಡಿಸಿದ ಕಸಾನೂ ದುಡ್ಡು ಕೊಟ್ಟು ಒಯ್ತಾರೆ ತಾಯಿ, ತೊಳೆದು ಚಿನ್ನ ತೆಗೀತಾರೆ. ಆ ಕರ್ನಲ್ಲು ನೆಲ ಕೆರೆದಿದ್ದರೂ ಒಂದು ಸರ ಆಗ್ತಿತ್ತು." ಇಷ್ಟು ಹೇಳಿ ಸುಮ್ಮನಾದರು. ಬಾರ್ನಿ ಬೆವರು ಒರೆಸಿಕೊಂಡು ಅಚ್ಚಿಗೆ ಚಿನ್ನ ಹುಯ್ಯುತ್ತಿದ್ದ. ಆಗ ಕೇಳಿದರು, "ಅಲ್ಲ ತಾಯಿ, ಇವರಿಗೆಲ್ಲ ಮಜೂರಿ ಯಾರು ಕೊಡ್ತಾರೆ?"

ಸರ್ಕಾರ, ಇನ್ಯಾರು ಅಂದೆ.

"ಶುರುವಿನಲ್ಲಿ ಟೇಪಲ್ಲಿ ಏನಂದ್ರು? ಸಿಕ್ಕಿಬಿದ್ರೆ, ಸತ್ತರೆ, ನೀವ್ಯಾರೋ ನಮಗೆ ಗೊತ್ತಿಲ್ಲ ಅಂತ ಅಲ್ವಾ? ಅಂಥ ಯಜಮಾನ ಕೂಲಿ ಕೊಡ್ತಾನಾ?"

ನಾನು ಈ ಧಾರಾವಾಹಿ ಬಹಳ ಸಲ ನೋಡಿದ್ದೇನೆ. ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಆದೇಶ ಹೇಳಿ ಮುಗಿಸಿದ ಟೇಪ್ ತಾನಾಗೇ ಹೊಗೆಯಾಗುವುದನ್ನು ಬೆರಗಿನಿಂದ ನೋಡುತ್ತಿದ್ದೆ, ಅದರ ಜೊತೆಗೆ ಸಂಬಳದ ಕಾಗದವೂ ಹೊಗೆಯಾಯಿತು ಅಂತ ಯೋಚಿಸಿರಲಿಲ್ಲ. ತಂಡದವರಾದರೂ ಯಾರು? ಸಿನ್ನಮನ್ ರೂಪದರ್ಶಿ, ರಾಲಿನ್ ವೇಷ ಹಾಕುವ ನಟ, ವಿಲ್ಲಿ ಭಾರ ಎತ್ತುವವನು, ಬಾರ್ನಿಗೆ ಸ್ವಂತ ಎಲೆಕ್ಟ್ರಾನಿಕ್ಸ್ ಕಂಪನಿ. ತಂತಮ್ಮ ಕೆಲಸ ಬಿಟ್ಟು ಬಂದವರು. ಧಾರಾವಾಹಿ ಕಟ್ಟಿದ ಬ್ರೂಸ್ ಗೆಲ್ಲರ್ ಇವರ ಸ್ವಂತ ಬದುಕಿನ ಕಡೆ ಕಥೆ ಹೋಗಲು ಬಿಡುತ್ತಿರಲಿಲ್ಲ. ಹಾಗಾಗಿ ಮನೆ, ಮಕ್ಕಳು, ಸಾಲ, ಸಂಬಳ ಏನೂ ನಮಗೆ ಕಾಣುವುದಿಲ್ಲ. ಈ ಕಂತಿನಲ್ಲಂತೂ ತಮಾಷೆ, ಕೂಲಿ ಏನೆಂದು ಗೊತ್ತಿರುವುದು ಆ ಕೂಲಿ ಸೈನಿಕರದ್ದು ಮಾತ್ರ.

ಅವತ್ತಿನಿಂದ ಬೇರೆ ಕಳ್ಳತನದ ಕಂತುಗಳನ್ನೂ ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದೇನೆ. ಮೊದಲೆಲ್ಲ ನನ್ನ ಕಣ್ಣು ರಾಲಿನ್ ಮೇಲೆ, ಅಂದರೆ ಮಾರ್ಟಿನ್ ಲ್ಯಾಂಡೋ ಮೇಲೆ. ಆ ಮುಖವಾಡ ಕಿತ್ತು ತೆಗೆಯುವುದೇನು, ಆ ದನಿಯೇನು! ಈಗ ನೋಡಿದರೆ ಮೇಲೆ ಅವರೆಲ್ಲ ಆಡುವ ಮಾತು ಕೆಳಗೆ ಬಾರ್ನಿಗೆ ಸಮಯ ಸಿಗಲಿ ಅಂತ ಅಷ್ಟೇ. ಕೆಲಸ ನಡೆಯುವುದು ನೆಲದ ಕೆಳಗೆ, ಗೋಡೆಯ ಸಂದಿಯಲ್ಲಿ, ನಿಮಿಷಗಟ್ಟಲೆ ಒಂದೂ ಮಾತಿಲ್ಲದೆ, ಬರೀ ಕೈ ಮತ್ತು ಸಂಗೀತ. ಇಂಗ್ಲಿಷ್ ಬಾರದ ಆಚಾರ್ರಿಗೆ ಹುಡುಗನ ಅನುವಾದ ಬೇಕಾಗಿದ್ದು ಮೇಲಿನವರ ಮಾತಿಗೆ ಮಾತ್ರ. ಬಾರ್ನಿ ಬಂದಾಗ ಇವನೇ ಸುಮ್ಮನಿರು ಅನ್ನಿಸಿಕೊಂಡ. 1966ರ ಅಮೆರಿಕದ ಟಿವಿಯಲ್ಲಿ ಬಾರ್ನಿ ಪಾತ್ರದ ಗ್ರೆಗ್ ಮಾರಿಸ್ ಎಂಬ ಕಪ್ಪು ನಟ ತಂಡದ ಇಂಜಿನಿಯರ್, ಅದೂ ಅದರ ಬಗ್ಗೆ ಒಂದು ಭಾಷಣವೂ ಇಲ್ಲದೆ! ಅದು ಆಗ ಸಣ್ಣ ಮಾತಾಗಿರಲಿಲ್ಲ. ಆದರೂ ಕೊನೆಗೆ ಎಲ್ಲರೂ ಗಾಡಿ ಹತ್ತಿ ಹೊರಟು ಹೋಗುತ್ತಾರೆ. ಭೇಷ್ ಅನ್ನುವವರೂ ಇಲ್ಲ.

ನಮ್ಮ ಮನೆಯವರು ಇದನ್ನೆಲ್ಲ ಕೇಳಿ, 1996ರ ಸಿನಿಮಾದಲ್ಲಿ ಹಗ್ಗಕ್ಕೆ ನೇತಾಡಿಕೊಂಡು ಕದಿಯುವುದೇ ಚೆನ್ನ ಅಂದರು. ಅವರಿಗೆ ಒಬ್ಬನೇ ಹೀರೋ ಬೇಕು, ಕ್ರಿಕೆಟ್ಟಿನಲ್ಲೂ ಹಾಗೇ. ಆ ಸಿನಿಮಾ ಧಾರಾವಾಹಿಯ ತಂಡದ ನಾಯಕ ಜಿಮ್ ಫೆಲ್ಪ್ಸ್‌ನನ್ನೇ ದ್ರೋಹಿ ಮಾಡಿದ್ದನ್ನು ನಾನಂತೂ ಕ್ಷಮಿಸಿಲ್ಲ.

ಕಥೆಯೊಳಗೆ ಯಾರೂ ಕೇಳದ ಪ್ರಶ್ನೆಯನ್ನು ಕಥೆಯ ಹೊರಗೆ ಕೇಳಿದವರಿದ್ದರು. ಲ್ಯಾಂಡೋ ಮತ್ತು ಸಿನ್ನಮನ್ ಪಾತ್ರದ ಬಾರ್ಬರಾ ಬೇನ್ ಆಗ ನಿಜ ಜೀವನದಲ್ಲೂ ಗಂಡ ಹೆಂಡತಿಯಾಗಿದ್ದರು. ಮೂರನೇ ಸೀಸನ್ ಮುಗಿದ ಮೇಲೆ ಲ್ಯಾಂಡೋಗೂ ಸ್ಟುಡಿಯೋಗೂ ಸಂಭಾವನೆಯ ಜಗಳವಾಯಿತು. 1969ರಲ್ಲಿ ಇಬ್ಬರೂ ಹೊರನಡೆದರು. ಬೇನ್ ಆ ಪಾತ್ರಕ್ಕೆ ಸಾಲಾಗಿ ಮೂರು ವರ್ಷ ಎಮ್ಮಿ ಎಂಬ ಟಿವಿ ಪ್ರಶಸ್ತಿ ಗೆದ್ದಾಕೆ, ಆದರೂ. ಲ್ಯಾಂಡೋ ಜಾಗಕ್ಕೆ ಲಿಯೊನಾರ್ಡ್ ನಿಮಾಯ್ ಬಂದ. ಒಳ್ಳೆ ನಟ, ನನಗೆ ಮಾತ್ರ ಆ ಪಾತ್ರ ಕೊನೆಗೂ ಹಿಡಿಸಲಿಲ್ಲ.

ನಿನ್ನೆ ಆಚಾರ್ರ ಅಂಗಡಿ ಮುಂದೆ ಹೋಗುವಾಗ ಇದನ್ನು ಹೇಳಿದೆ. ಊದುಗೊಳವೆ ಕೆಳಗಿಟ್ಟು ಕೇಳಿದರು. "ಸರಿಯಾಗೇ ಮಾಡಿದ್ರು. ಮತ್ತೆ ಆ ಕೆಳಗಡೆ ಕೆಲಸ ಮಾಡೋನು?"

ಅವನು ಏಳೂ ಸೀಸನ್ ಇದ್ದ ಅಂದೆ.

"ಇರ್ತಾನೆ ಬಿಡಿ. ಅವನೂ ಹೋದರೆ ತೂತು ಕೊರೆಯೋರು ಯಾರು?" ಅಂದು ಮತ್ತೆ ಊದಲು ಶುರು ಮಾಡಿದರು.